ಗಾಜಿನ ತೊಟ್ಟಿಯ ಗೊದಮೊಟ್ಟೆಗಳು

ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಮೊದಲನೆಯದು ಬಂಧ, ಕಡೆಯದು ಅನ್ನಪಾನನಿರೋಧ. ಇವುಗಳಿಗೆ ದನಕರುಗಳನ್ನೂ ಪಂಜರದ ಗಿಳಿಯನ್ನೂ ಉದಾಹರಿಸುವುದು ವಾಡಿಕೆ. ನಮ್ಮ ಮನೆಗಳಲ್ಲಿ ಈಗ ಗಾಜಿನ ತೊಟ್ಟಿಗಳೂ ಬಂದಿರುವುದರಿಂದ ಅದನ್ನೂ ವಿಚಾರಿಸಬೇಕಾಗಿದೆ.

ಕಳೆದ ಮುಂಗಾರಿನಲ್ಲಿ ನನ್ನ ಮೊಮ್ಮಗನು ಯಳಂದೂರಿನ ಗದ್ದೆಬಯಲಿನ ಹೊಂಡದಿಂದ ಮೂವತ್ತು ನಲವತ್ತು ಗೊದಮೊಟ್ಟೆಗಳನ್ನು ಹಿಡಿದು ಕೊಳ್ಳೇಗಾಲದ ಮನೆಗೆ ತಂದನು. ಮೊದಲ ಮಳೆಗೆ ಅಲ್ಲಿ ಹಳದಿ ಬಣ್ಣಕ್ಕೆ ತಿರುಗಿದ ಗೋಂಕರುಕಪ್ಪೆಗಳು ಕೂಗಿದ್ದವೆಂದು ರೈತರು ಹೇಳಿದ್ದರಂತೆ. ಹುಡುಗನು ಬೇಯಿಸಿದ ಸೊಪ್ಪನ್ನು ಹಾಕಿದನು. ಬೆಳಗಾಗುವುದರೊಳಗೆ ಸಂಖ್ಯೆ ಕುಗ್ಗಿತ್ತು. ಗೋಂಕರುಕಪ್ಪೆಯ ಮರಿ ಮಾಂಸಾಹಾರಿ. ಬೇರೆ ಕಪ್ಪೆಗಳ ಮರಿಗಳನ್ನೂ, ಇಕ್ಕಟ್ಟಾದರೆ ತನ್ನ ಒಡಹುಟ್ಟುಗಳನ್ನೂ ತಿನ್ನುತ್ತದೆ.

ಹೊಂಡದಲ್ಲಿಯೂ ಅವು ಹಾಗೆಯೇ ತಿನ್ನುತ್ತವಲ್ಲವೆ ಎಂದು ಕೇಳಬಹುದು. ಅಲ್ಲಿ ಅದು ಆ ಜೀವಗಳ ಕರ್ಮ ಮತ್ತು ಸ್ವಭಾವ. ಗಾಜಿನೊಳಗೆ ತಪ್ಪಿಸಿಕೊಳ್ಳಲು ಎಡೆಯಿಲ್ಲದಂತೆ ಮಾಡಿದವರು ನಾವು. ಆಹಾರ ಕೊಡದಿದ್ದರೆ ಅನ್ನಪಾನನಿರೋಧ. ಕೊಟ್ಟರೆ ಇನ್ನೊಂದು ಜೀವವನ್ನೇ ಕೊಡಬೇಕು. ಕೃತ, ಕಾರಿತ, ಅನುಮೋದನ ಎಂಬ ಮೂರು ಬಾಗಿಲುಗಳಲ್ಲಿ ಒಂದಾದರೂ ಮುಚ್ಚಿರಲಿಲ್ಲ.

ಆದರೆ ಹುಡುಗನ ಮಾತು ಬೇರೆಯಿತ್ತು. "ಹೊಂಡ ಬತ್ತಿದರೆ ಇವೆಲ್ಲ ಸಾಯುತ್ತವೆ, ತಾತ. ನಾನು ಉಳಿಸಿ ತಂದಿದ್ದೇನೆ." ಸುಲಭವಾಗಿ ತಳ್ಳಿಹಾಕುವ ಮಾತಲ್ಲ ಇದು. ಮಳೆ ಹಿಂದೆಗೆದಾಗ ಹನೂರಿನ ಬೆದ್ದಲುಗಳಲ್ಲಿ ಹೊಂಡಗಳು ಕೆಸರಾಗಿ, ಮರಿಗಳು ಒದ್ದಾಡುವುದನ್ನು ನಾನೇ ಕಂಡಿದ್ದೇನೆ. ಅವನಲ್ಲಿ ದಯೆಯೂ ಇತ್ತು, ಇಟ್ಟುಕೊಳ್ಳುವ ಆಸೆಯೂ ಇತ್ತು. ಎರಡನ್ನೂ ಬೇರ್ಪಡಿಸುವುದು ಹಿರಿಯರಿಗೂ ಕಷ್ಟ.

ಅವನಿಗೆ ರತ್ನಕರಂಡಕ ಶ್ರಾವಕಾಚಾರದಲ್ಲಿ ಬರುವ ಕಪ್ಪೆಯ ಕಥೆಯನ್ನು ಹೇಳಿದೆ. ಶ್ರೇಷ್ಠಿಯೊಬ್ಬನು ಸತ್ತು ತನ್ನ ಮನೆಯ ಬಾವಿಯಲ್ಲೇ ಕಪ್ಪೆಯಾಗಿ ಹುಟ್ಟಿದನು. ಕಮಲದ ದಳವೊಂದನ್ನು ಕಚ್ಚಿಕೊಂಡು ಮಹಾವೀರ ಸ್ವಾಮಿಯ ಪೂಜೆಗೆ ಹೊರಟು, ಆನೆಯ ಕಾಲಡಿಗೆ ಸಿಕ್ಕಿ, ದೇವನಾದನು. ವರ್ತಕನಾದ ನನಗೆ ಈ ಕಥೆ ಎಂದೂ ಬರಿಯ ಕಥೆಯಾಗಿ ಕೇಳಿಸಿಲ್ಲ. ರೇಷ್ಮೆಗೂಡು ಬೇಯುವ ಸೀಮೆಯಲ್ಲಿ ಕುಳಿತು ಗೊದಮೊಟ್ಟೆಯ ಚಿಂತೆಯೆ ಎಂದು ನಗುವವರುಂಟು. ನಗಲಿ.

ಬಂಧುವೊಬ್ಬರು ಬಸದಿಯ ಬಾವಿಗೆ ಬಿಡೋಣವೆಂದರು. ನಾನು ಒಪ್ಪಲಿಲ್ಲ, ದೇವಸ್ಥಾನದ ಧರ್ಮದರ್ಶಿಗಳೂ ಇದನ್ನು ಗಮನಿಸಬೇಕು. ಮನುಷ್ಯರ ಕೈಯಿಂದ ಅಂಡಮಾನ್ ದ್ವೀಪಗಳನ್ನು ಸೇರಿದ ಇದೇ ಕಪ್ಪೆಯ ಮರಿಗಳು ಅಲ್ಲಿನ ಮೂಲ ಕಪ್ಪೆಗಳ ಮರಿಗಳಿಗೆ ಮೃತ್ಯುವಾಗಿವೆ. ಬೇರೆ ನೀರಿಗೆ ಬಿಡುವುದು ಜೀವದಯೆಯಾಗದು. ಇನ್ನು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪಟ್ಟಿಯಲ್ಲಿಯೂ ಈ ಕಪ್ಪೆಯಿದೆ. ವಿದೇಶಗಳ ಊಟಕ್ಕಾಗಿ ಕಪ್ಪೆಯ ಕಾಲುಗಳನ್ನು ರಫ್ತು ಮಾಡುತ್ತಿದ್ದ ವ್ಯಾಪಾರವನ್ನು ಸರ್ಕಾರವು 1987ರಲ್ಲಿ ನಿಷೇಧಿಸಿತು. ಗದ್ದೆಯ ಕೀಟಗಳನ್ನು ತಿನ್ನುವವರು ಇಲ್ಲದಂತಾಗುವುದೆಂಬ ಭಯವೂ ಅದಕ್ಕೆ ಕಾರಣವಾಗಿತ್ತು.

ಅಂದೇ ಸೂರ್ಯಾಸ್ತಕ್ಕೆ ಮುನ್ನ ಯಳಂದೂರಿಗೆ ಹೋದೆವು. ಹೊಂಡದಲ್ಲಿ ನೀರು ಗೇಣುದ್ದವಿತ್ತು. ಅದೇ ಗದ್ದೆಯ ರೈತರನ್ನು ಕೇಳಿ, ಹೊಂಡಕ್ಕೆ ಕಾಲುವೆಯಿಂದ ನೀರು ಹರಿಯುವಂತೆ ಬದುವನ್ನು ಒಂದು ಮೊಳ ಕಡಿಸಿದೆವು. ಹುಡುಗನು ಬಾಟಲಿಯನ್ನು ನೀರಿನೊಳಗೇ ಓರೆಮಾಡಿ ಹಿಡಿದು, ಒಂದೊಂದಾಗಿ ಎಣಿಸಿದನು. ಹತ್ತೊಂಬತ್ತು ಉಳಿದಿದ್ದವು.