ಮರವೇರುವ ಮುನ್ನ

ಸರಕಾರಿ ಕಚೇರಿಯ ಗುಮಾಸ್ತನಿಗೂ ಮರಕ್ಕೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಕುರ್ಚಿ, ಮೇಜು, ಕಡತದ ಕಪಾಟು, ಇವುಗಳನ್ನು ಬಿಟ್ಟರೆ ಮರದ ಸಹವಾಸ ನಮಗಿಲ್ಲವೆಂಬುದು ನಿಜ. ಎತ್ತರವೆಂದರೆ ನಮಗೆ ಕಪಾಟಿನ ಮೇಲಿನ ಅಂತಸ್ತು; ಅದಕ್ಕೂ ಸ್ಟೂಲು ಹಾಕಿ ಜವಾನನನ್ನೇ ಹತ್ತಿಸುತ್ತೇವೆ. ಇಂಥ ನಾವು ಕಳೆದ ವೈಶಾಖ ಹುಣ್ಣಿಮೆಯ ರಾತ್ರಿಯನ್ನು ಮರದ ಮೇಲೆ ಕಳೆದು ಬಂದೆವೆಂದರೆ ಕಚೇರಿಯಲ್ಲಿ ಇಂದಿಗೂ ಯಾರೂ ನಂಬುವುದಿಲ್ಲ.

ನಾವಿರುವುದು ನಾಗಪುರದ ಸದರಿನಲ್ಲಿ. ಮೇ ತಿಂಗಳ ಬಿಸಿಲು ಇಲ್ಲಿ 45 ಡಿಗ್ರಿ ಮುಟ್ಟುತ್ತದೆ. ನಾವು ಕೂಲರಿಗೆ ಬಕೀಟುಗಟ್ಟಲೆ ನೀರು ಸುರಿದು ಅದರ ಮುಂದೆ ಬಿದ್ದುಕೊಂಡಿರುವಾಗ, ಅದೇ ಬಿಸಿಲು ಕಾಡಿನ ಹಳ್ಳಗಳನ್ನು ಒಣಗಿಸಿ, ಉಳಿದ ನಾಲ್ಕಾರು ನೀರಿನ ಗುಂಡಿಗಳಿಗೆ ಪ್ರಾಣಿಗಳನ್ನೆಲ್ಲ ಕರೆದು ತರುತ್ತದೆ. ಬುದ್ಧ ಪೂರ್ಣಿಮೆಯ ಬೆಳದಿಂಗಳಿನಲ್ಲಿ ಆ ಗುಂಡಿಗಳ ಬಳಿ ಮಚಾನಿನ ಮೇಲೆ ಕುಳಿತು ಬಂದ ಪ್ರಾಣಿಗಳನ್ನು ಎಣಿಸುವುದು ವಿದರ್ಭದ ಹಳೆಯ ರೂಢಿ. ಈಗ ಹುಲಿಗಳ ಲೆಕ್ಕವನ್ನು ಮರಕ್ಕೆ ಕಟ್ಟಿದ ಕ್ಯಾಮೆರಾಗಳು ಹಿಡಿಯುತ್ತವೆ. ಆದರೂ ತಾಡೋಬಾ, ಪೇಂಚ್, ಬೋರ್ ಮೊದಲಾದ ಕಾಡುಗಳಲ್ಲಿ ‘ನಿಸರ್ಗಾನುಭವ’ವೆಂಬ ಹೆಸರಿನಿಂದ ಆ ರಾತ್ರಿ ಉಳಿದುಕೊಂಡಿದೆ, ಹಣ ಕಟ್ಟಿದ ಸಾಮಾನ್ಯರೂ ಕುಳಿತು ನೋಡಬಹುದು.

ಮಚಾನು ಮೊದಲಿಗೆ ಬೇಟೆಗಾರರ ಸೊತ್ತು. ಜಿಮ್ ಕಾರ್ಬೆಟ್ ಸಾಹೇಬರು 1926ರಲ್ಲಿ ರುದ್ರಪ್ರಯಾಗದ ನರಭಕ್ಷಕ ಚಿರತೆಗಾಗಿ ಮಾವಿನ ಮರವೊಂದರ ಮೇಲೆ ರಾತ್ರಿಗಟ್ಟಲೆ ಕಾದು ಕುಳಿತದ್ದನ್ನು ಅನೇಕರು ಓದಿರಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯದೆ ಬಂದಿತು; ಬಂದೂಕು ಕೆಳಗಿಳಿಯಿತು; ಮಚಾನು ಮಾತ್ರ ಉಳಿಯಿತು. ಮರದ ಮೇಲೆ ನಿದ್ದೆಗಣ್ಣಿನಲ್ಲಿ ಕೂಡುವ ಮನುಷ್ಯನೂ ಹಾಗೆಯೇ ಉಳಿದ.

ನಮ್ಮ ಮನೆಯಲ್ಲಿದ್ದು ಕಾಲೇಜಿಗೆ ಹೋಗುವ ಭಾವಮೈದುನ ಒಂದು ಸಂಜೆ ಬಂದು, “ಭಾವ, ಎರಡು ಜಾಗ ಸಿಕ್ಕಿವೆ, ನೀವೂ ಬರಬೇಕು” ಎಂದ. ನಾವು ಮಾತಾಡುವ ಮೊದಲೇ ಒಳಗಿನಿಂದ ನಮ್ಮಾಕೆಯ ಧ್ವನಿ ಬಂದಿತು: “ಮರ ಹತ್ತುವುದಾದರೆ ಮೈಗೆ ಹಗ್ಗ ಕಟ್ಟಿಕೊಂಡು ಹತ್ತಿ. ಇಲ್ಲವಾದರೆ ಇಬ್ಬರೂ ಮನೆಯಲ್ಲಿರಿ.” ಆಕೆಯೂ ನಮ್ಮಂತೆ ಶಿರಸಿ ಸೀಮೆಯ ಅಡಿಕೆ ತೋಟದ ಮನೆಯವಳು. ಮರದಿಂದ ಬೀಳುವುದೆಂದರೇನೆಂದು ಆ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಭಾನುವಾರ ಪೇಟೆಗೆ ಹೋಗಿ 450 ರೂಪಾಯಿಗೆ ಒಂದರಂತೆ ಎರಡು ಸೊಂಟದ ಪಟ್ಟಿಗಳನ್ನು ತಂದೆವು. ಅಗಲವಾಗಿದ್ದವು, ದೊಡ್ಡ ಕೊಂಡಿಗಳಿದ್ದವು. ನೋಡಿದರೆ ಧೈರ್ಯ ಬರುವಂತಿದ್ದವು. ಪಕ್ಕದ ಮನೆಯವರು ವಿದ್ಯುತ್ ಲೈನುಗಳ ಮೇಲೆ ಇಪ್ಪತ್ತು ವರ್ಷ ದುಡಿದ ಮರಾಠಿ ಗೃಹಸ್ಥರು. ಅವರು ಪಟ್ಟಿಯನ್ನು ಕೈಯಲ್ಲಿ ಹಿಡಿದು ನಕ್ಕು, “ಇದು ಕಂಬಕ್ಕೆ ಒರಗಿ ನಿಂತು ಕೆಲಸ ಮಾಡುವುದಕ್ಕೆ, ಬಿದ್ದವನನ್ನು ಹಿಡಿಯುವುದಕ್ಕಲ್ಲ” ಎಂದರು. ಬಿದ್ದಾಗ ಸೊಂಟದ ಪಟ್ಟಿ ಎದೆಗೆ ಜಾರಿ ಉಸಿರು ಕಟ್ಟಿಸೀತು. ಇಲ್ಲವೆ ಮನುಷ್ಯ ತಲೆಕೆಳಗಾಗಿ ಅದರಿಂದ ನುಣುಚಿ ಹೋದಾನು. ಬೇಕಾದುದು ಹೆಗಲು, ಎದೆ, ತೊಡೆ ಎಲ್ಲವನ್ನೂ ಬಳಸುವ ಮೈಪಟ್ಟಿ. ಅದು ಪೆಟ್ಟನ್ನು ಒಂದೇ ಕಡೆ ಬೀಳಗೊಡದೆ ಮೈಗೆಲ್ಲ ಹಂಚುತ್ತದೆ.

ಇದೇ ಮಾತನ್ನು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿರುವ ನಮ್ಮ ದಾಯಾದಿಯೊಬ್ಬರೂ ಫೋನಿನಲ್ಲಿ ಹೇಳಿದರು. ಅಲ್ಲಿ ಜಿಂಕೆ ಬೇಟೆ ಇಂದಿಗೂ ಕಾಯದೆಯೊಳಗಿನದು. ಬೇಟೆಗಾರರು ಮರಕ್ಕೆ ಪುಟ್ಟ ಪೀಠ ಕಟ್ಟಿ ಹದಿನೈದು ಇಪ್ಪತ್ತು ಅಡಿ ಮೇಲೆ ಕೂಡುತ್ತಾರಂತೆ. ಗುಂಡಿಗಿಂತ ಬೀಳುವುದರ ಭಯವೇ ಅವರಿಗೆ ಹೆಚ್ಚು. ಅವರಲ್ಲಿ ಬಲ್ಲವರು ಸೊಂಟದ ಪಟ್ಟಿಯನ್ನು ಎಂದೋ ಬಿಟ್ಟಿದ್ದಾರೆ.

ಮರುದಿನ ನೆರೆಯವರನ್ನೇ ಕರೆದುಕೊಂಡು ಮತ್ತೆ ಪೇಟೆಗೆ ಹೋದೆವು. ಅವರ ಪರೀಕ್ಷೆಯನ್ನು ನೋಡಿದರೆ ನಮ್ಮ ಇಲಾಖೆಯ ಲೆಕ್ಕ ತಪಾಸಣೆ ಏನೂ ಅಲ್ಲ. ಚೀಟಿಯಲ್ಲಿ ಭಾರತೀಯ ಮಾನಕದ ಅಂಕೆ, ಐಎಸ್ 3521, ಇದೆಯೇ? ತಯಾರಾದ ತಾರೀಖು ಯಾವುದು? ಎಷ್ಟು ಭಾರಕ್ಕೆ? ಹೊಲಿಗೆ ಎಲ್ಲಿಯಾದರೂ ಬಿಟ್ಟಿದೆಯೇ? ಕೊಂಡಿ ತಾನಾಗಿ ಮುಚ್ಚಿಕೊಳ್ಳುತ್ತದೆಯೇ? ಬೆನ್ನಿಗೆ ಸಿಕ್ಕಿಸುವ ಹಗ್ಗದಲ್ಲಿ ಎಳೆತ ಬಿದ್ದರೆ ಹರಿದು ಬಿಚ್ಚಿಕೊಳ್ಳುವ ಮಡಿಕೆಯಿದೆಯೇ? ಆ ಮಡಿಕೆ ಬಿಚ್ಚುತ್ತ ಬಿಚ್ಚುತ್ತ ಪೆಟ್ಟಿನ ಸೊಕ್ಕನ್ನು ಮುರಿಯುತ್ತದೆ. ಬಾವಿಯ ಹಗ್ಗಕ್ಕೆ ಆ ಗುಣವಿಲ್ಲ. ಅದು ಹರಿಯುತ್ತದೆ, ಇಲ್ಲವೆ ಬೆನ್ನು ಮುರಿಯುತ್ತದೆ. ಒಂದಕ್ಕೆ 2,200 ರೂಪಾಯಿಯಾಯಿತು. ತಿಂಗಳ ಕೊನೆಯ ವಾರವಾದುದರಿಂದ ನಮ್ಮ ಮುಖ ಸಣ್ಣದಾದದ್ದನ್ನು ಮರೆಮಾಚುವುದಿಲ್ಲ.

ತೊಡುವುದೂ ಒಂದು ವಿದ್ಯೆ. ಮೊದಲ ದಿನ ನಮ್ಮ ಎಡಗಾಲು ಹೆಗಲಿನ ಪಟ್ಟಿಗೆ ಸಿಕ್ಕಿ, ಮಗಳು ಬಿದ್ದು ಬಿದ್ದು ನಕ್ಕಳು. ಬೆನ್ನಿನ ಬಳೆಯನ್ನು ಹಿಡಿದೆತ್ತಿ ಒಮ್ಮೆ ಕೊಡವಿದರೆ ಪಟ್ಟಿಗಳು ತಾವಾಗಿ ಇಳಿಬೀಳುತ್ತವೆ. ಕೋಟು ತೊಟ್ಟಂತೆ ಹೆಗಲಿಗೇರಿಸಬೇಕು; ತೊಡೆಯ ಪಟ್ಟಿಗಳನ್ನು ಮುರಿಗೆ ಬೀಳದಂತೆ ಸುತ್ತಬೇಕು; ಎದೆಯದನ್ನು ಎದೆಯ ನಡುವೆಯೇ ಕಟ್ಟಬೇಕು. ಪಟ್ಟಿಯ ಕೆಳಗೆ ಚಾಚಿದ ಅಂಗೈ ತೂರಬೇಕು, ಮುಷ್ಟಿ ತೂರಬಾರದು. ಮನೆಯ ಹಿಂದಿನ ಬೇವಿನ ಮರಕ್ಕೆ ಕಟ್ಟಿ, ನೆಲದಿಂದ ಒಂದು ಗೇಣು ಮೇಲೆ ಇಬ್ಬರೂ ತೂಗಿ ನೋಡಿದೆವು. ಎರಡೇ ನಿಮಿಷಕ್ಕೆ ತೊಡೆಗಳು ಮರಗಟ್ಟಿದವು. ಅಲುಗಾಡದೆ ತೂಗುತ್ತಿದ್ದರೆ ರಕ್ತ ಕಾಲಿನಲ್ಲೇ ನಿಂತು, ಸ್ವಲ್ಪ ಹೊತ್ತಿಗೇ ಎಚ್ಚರ ತಪ್ಪುವ ಅಪಾಯವುಂಟು. ಅದಕ್ಕಾಗಿ ಕಾಲಿಟ್ಟು ನಿಲ್ಲಲು ಬೇರೊಂದು ಕುಣಿಕೆ ಜೇಬಿನಲ್ಲಿರಬೇಕು. ಒಂಟಿಯಾಗಿ ಎಂದೂ ಹೋಗಬಾರದು.

ಆ ಹುಣ್ಣಿಮೆಯ ದಿನ, ಹೊತ್ತಿಳಿಯುವ ಮುಂಚೆ ಕಾಡು ಸೇರಿದೆವು. ಮಚಾನು ನೆಲದಿಂದ ಸುಮಾರು 15 ಅಡಿ. ಜೊತೆಗೆ ಕಾಡಂಚಿನ ಹಳ್ಳಿಯ ಗೈಡು ಒಬ್ಬ. ಅವನು ಏಣಿಯನ್ನು ಅಳಿಲಿನಂತೆ ಹತ್ತಿ, ನಾವು ಕೊಟ್ಟ ಹಗ್ಗವನ್ನು ಪೀಠಕ್ಕಿಂತ ಮೇಲೆ ಮರದ ಬೊಡ್ಡೆಗೆ ಕಟ್ಟಿ ಕೆಳಗೆ ಬಿಟ್ಟ. ಕಾಲು ನೆಲ ಬಿಡುವ ಮುಂಚೆಯೇ ಕೊಂಡಿ ಸಿಕ್ಕಿಸಬೇಕು, ಮೇಲೇರಿದ ಮೇಲಲ್ಲ. ಹತ್ತುವಾಗ ಇಳಿಯುವಾಗಲೇ ಕಾಲು ಜಾರುವ ಭಯ ಹೆಚ್ಚೆಂದು ನೆರೆಯವರು ಗಟ್ಟಿಮಾಡಿ ಕಳಿಸಿದ್ದರು. ಚೀಲಗಳನ್ನು ಬೇರೆ ಹಗ್ಗದಿಂದ ಎಳೆದುಕೊಂಡೆವು. ಕುಳಿತಾಗ ಬೆನ್ನ ಹಿಂದಿನ ಹಗ್ಗ ಜೋಲದಂತೆ, ತಲೆಯ ಮಟ್ಟಕ್ಕೆ ಕಟ್ಟಿಕೊಂಡೆವು. ಗೈಡು ಇದನ್ನೆಲ್ಲ ನೋಡಿ ಬಾಯಿಗೆ ಟವೆಲು ಹಿಡಿದು ನಕ್ಕ. ಅವನ ಮೈಮೇಲೆ ಅಂಗಿಯ ಹೊರತು ಏನೂ ಇರಲಿಲ್ಲ.

ಬೆಳದಿಂಗಳು ಹಾಲಿನಂತೆ ಚೆಲ್ಲಿತ್ತು. ಕಡವೆಗಳು ಏಳು, ಕಾಡುಕೋಣಗಳು ಮೂರು, ಹಂದಿಗಳದೊಂದು ಹಿಂಡು ಎಂದು ಕಚೇರಿಯ ಅಭ್ಯಾಸದಂತೆ ಕಂಬಸಾಲು ಎಳೆದು ಬರೆದೆವು. ಹುಲಿರಾಯ ನಮ್ಮ ಸರದಿಗೆ ರಜೆ ಹಾಕಿದ್ದ. ಮೂರು ಗಂಟೆಯ ಸುಮಾರಿಗೆ ತೂಕಡಿಕೆ ಹತ್ತಿತು. ಆಗ ಒಂದು ಕರಡಿ ನೀರಿಗೆ ಬಂದಿತು. ಗೈಡು ಮೆಲ್ಲನೆ ಮುಟ್ಟಿ ಎಬ್ಬಿಸಿದ. ಭಾವಮೈದುನ ಎಲ್ಲಿದ್ದೇನೆಂಬುದನ್ನು ಮರೆತವನಂತೆ ಎದ್ದು ನಿಂತು, ಚೆನ್ನಾಗಿ ಕಾಣಲೆಂದು ಒಂದು ಹೆಜ್ಜೆ ಪಕ್ಕಕ್ಕಿಟ್ಟ. ಆ ಪಕ್ಕದಲ್ಲಿ ಇದ್ದದ್ದು ಏಣಿಯ ಬಾಯಿ.

ಬೆನ್ನಿನ ಹಗ್ಗ ಟಪ್ಪೆಂದು ಬಿಗಿಯಿತು. ಅವನು ಇಳಿದದ್ದು ಒಂದೇ ಗೇಣು. ನಾವೂ ಗೈಡೂ ತೋಳು ಹಿಡಿದು ಎಳೆದುಕೊಂಡೆವು. ಕರಡಿ ಓಡಿಹೋಗಿತ್ತು. ಯಾರೂ ಬಹಳ ಹೊತ್ತು ಮಾತಾಡಲಿಲ್ಲ. “ದೇವರು ಕಾಪಾಡಿದ ಸಾಹೇಬ್” ಎಂದ ಗೈಡು. ತುಸು ಹೊತ್ತಿನ ಮೇಲೆ ಕೈಚಾಚಿ ಆ ಪಟ್ಟಿಯ ಹೊಲಿಗೆಯನ್ನು ಬೆರಳಿನಿಂದ ಸವರುತ್ತ, “ಇದಕ್ಕೆಷ್ಟು?” ಎಂದು ಕೇಳಿದ.

ಬೆಳಗಾಗುವವರೆಗೆ ನಮಗೆ ನಿದ್ದೆ ಬರಲಿಲ್ಲ. ಕಣ್ಣ ಮುಂದೆ ನಿಂತವನು ನಮ್ಮ ಊರಿನ ಕೊನೆಗೌಡ.

ನಾವಾಗ ಏಳನೆಯ ಇಯತ್ತೆ. ಆಷಾಢದ ಮಳೆ. ಅಡಿಕೆಗೆ ಕೊಳೆ ರೋಗ ಬರದಂತೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವ ಕೆಲಸ. ಬೇಸಿಗೆಯಲ್ಲಿ ಕಂಬದಂತಿರುವ ಅಡಿಕೆ ಮರ ಮಳೆಗಾಲದಲ್ಲಿ ಪಾಚಿಗಟ್ಟಿ ಲೋಳೆಯಾಗುತ್ತದೆ. ಕೊನೆಗೌಡನಿಗಿದ್ದದ್ದು ಕಾಲಿನ ತಳೆಯೊಂದೇ. ಮೇಲಿನಿಂದಲೇ ಒಂದು ಮರದಿಂದ ಪಕ್ಕದ ಮರಕ್ಕೆ ಎಳೆದುಕೊಂಡು ದಾಟುತ್ತಿದ್ದ; ಕೆಳಗೆ ನಿಂತು ನೋಡುವ ನಮಗೆ ಅವನು ಹನುಮಂತನೇ. ಆ ದಿನ ನಲವತ್ತು ಅಡಿಯಿಂದ ಬಿದ್ದ. ಜೀವ ಉಳಿಯಿತು, ಸೊಂಟದ ಕೆಳಗೆ ಉಳಿಯಲಿಲ್ಲ. ನಾಲ್ಕು ವರ್ಷ ಚಾಪೆಯ ಮೇಲಿದ್ದು ತೀರಿಕೊಂಡ. “ಅವನ ಹಣೆಬರಹ” ಎಂದಿತು ಊರು. ನಮ್ಮ ಮನೆಯೂ ಹಾಗೆಯೇ ಎಂದಿತು. ತಂದೆಯವರು ಆ ಮನೆಗೆ ತಿಂಗಳು ತಿಂಗಳು ಅಕ್ಕಿ ಕಳಿಸಿದರು. ಒಂದು ಹಗ್ಗ ಕಳಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅವನ ಮಗ ಈಗ ಅದೇ ತಳೆ ಹಾಕಿ ನಮ್ಮ ತೋಟದ ಮರಗಳನ್ನೇ ಹತ್ತುತ್ತಾನೆ.

ಒಂದು ರಾತ್ರಿಯ ಮೋಜಿಗೆ ಮರವೇರಿದ ನಮಗೆ ಐಎಸ್ ಅಂಕೆಯ ಪಟ್ಟಿ. ಜೀವನವಿಡೀ ಏರುವವನಿಗೆ ಹಣೆಬರಹ. ಈ ಲೆಕ್ಕ ಯಾವ ತಪಾಸಣೆಯಲ್ಲೂ ಪಾಸಾಗುವಂತಿರಲಿಲ್ಲ. ಸದರಿಗೆ ಮರಳಿದ ವಾರವೇ ಒಂದು ಹೊಸ ಮೈಪಟ್ಟಿಯನ್ನು ಊರಿಗೆ ಪಾರ್ಸೆಲ್ ಮಾಡಿದೆವು. ಎಳೆತ ಬಿದ್ದ ಹಳೆಯದನ್ನು ಕಳಿಸಲಿಲ್ಲ. ಒಮ್ಮೆ ಪೆಟ್ಟು ತಿಂದ ಹಗ್ಗವನ್ನು ಮತ್ತೆ ನಂಬಬಾರದು. ಗೈಡಿಗೆ ಕೊಟ್ಟು ಬಂದದ್ದು ನಮ್ಮ ಮೈಮೇಲಿದ್ದುದನ್ನು.

ಕಳಿಸಿದರೆ ಮುಗಿಯಿತೇ? ಅಣ್ಣ ಫೋನು ಮಾಡಿ, “ಅವ ಮುಟ್ಟಲೂ ಒಲ್ಲ” ಎಂದ. ಕೊನೆಗೌಡನ ಮಗನನ್ನೇ ಕರೆಸಿ ಮಾತಾಡಿದೆವು. ಅವನ ನ್ಯಾಯ ಸರಿಯಾಗಿತ್ತು. “ಹೆಗಡೇರೆ, ಅಡಿಕೆ ಮರಕ್ಕೆ ಕೊಂಬೆ ಎಲ್ಲಿದೆ ಕಟ್ಟಲಿಕ್ಕೆ? ಬೊಡ್ಡೆಗೆ ಸುತ್ತಿಕೊಂಡರೆ ಮರದಿಂದ ಮರಕ್ಕೆ ದಾಟಲಿಕ್ಕಾಗುವುದಿಲ್ಲ. ಪ್ರತಿಯೊಂದಕ್ಕೂ ಇಳಿದು ಹತ್ತಬೇಕು. ಮರದ ಲೆಕ್ಕದಲ್ಲಿ ಕೂಲಿ, ಅರ್ಧ ದುಡಿದರೆ ಅರ್ಧ ಉಣ್ಣಬೇಕು” ಎಂದ. ಬೊಡ್ಡೆಗೆ ಜೀರುಗುಣಿಕೆ ಹಾಕಿ, ಏರಿದಂತೆಲ್ಲ ಕೈಯಿಂದ ಮೇಲೆ ಸರಿಸುತ್ತ ಹೋದರೆ ಕಾಲು ಜಾರಿದಾಗ ಅದು ಮರವನ್ನು ಬಿಗಿದು ಹಿಡಿಯುತ್ತದೆಂದು ನೆರೆಯವರಿಂದ ಕೇಳಿ ತಿಳಿಸಿದೆವು. ಆದರೆ ಕೂಲಿಯ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನಾವೇ. ಪಟ್ಟಿ ತೊಟ್ಟ ದಿನ ಮರದ ಲೆಕ್ಕ ಬೇಡ, ದಿನದ ಲೆಕ್ಕ ಕೊಡೋಣವೆಂದೆವು. ಹೆಚ್ಚಿನ ಖರ್ಚಿನಲ್ಲಿ ಅರ್ಧ ನಮ್ಮ ಪಾಲು. ಅಣ್ಣ ಎರಡು ದಿನ ಮುನಿಸಿಕೊಂಡು ಮೂರನೆಯ ದಿನ ಒಪ್ಪಿದ.

ಊರಿನಲ್ಲಿ ತೋಟವುಳ್ಳ ಬಂಧುಗಳು ನಮ್ಮ ಬಳಗದಲ್ಲಿ ಹಲವರಿದ್ದೀರಿ. ಇಂಗಾಲದ ನಾರಿನ ಉದ್ದನೆಯ ದೋಟಿ ಬಂದಿದೆ. ನೆಲದ ಮೇಲೆ ನಿಂತೇ ಕೊನೆ ಇಳಿಸಬಹುದು, ಔಷಧಿ ಹೊಡೆಯಬಹುದು. ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ಯಂತ್ರದಿಂದ ಮರವೇರುವ ತರಬೇತಿಯನ್ನು ಕೊಡಿಸುತ್ತ ಬಂದಿದೆ. ಇವಾವುದೂ ಆಗದಿದ್ದರೆ ಒಂದು ಮೈಪಟ್ಟಿಯಾದರೂ ಆದೀತು. ಹಬ್ಬಕ್ಕೆ ಊರಿಗೆ ಹೋಗುವಾಗ ಕಿತ್ತಳೆ ಬರ್ಫಿಯ ಜೊತೆಗೆ ಅದೂ ಚೀಲದಲ್ಲಿ ಹಿಡಿಯುತ್ತದೆ. ಕೂಲಿಯ ಮಾತನ್ನು ಮಾತ್ರ ಮೊದಲೇ ಇತ್ಯರ್ಥಮಾಡಿಕೊಳ್ಳಿರಿ.

ಚೌತಿಗೆ ನಾವು ಊರಿಗೆ ಹೋಗಿದ್ದೆವು. ಕೊಟ್ಟಿಗೆಯ ಗೂಟಕ್ಕೆ ಮೈಪಟ್ಟಿ ತೂಗುಹಾಕಿತ್ತು. ಮುಟ್ಟದೆ ಹಾಗೆಯೇ ಇಟ್ಟಿದ್ದಾನೆಂದು ಮನಸ್ಸಿಗೆ ಕಸಿವಿಸಿಯಾಯಿತು. ಹತ್ತಿರ ಹೋಗಿ ನೋಡಿದರೆ, ಹೆಗಲಿನಿಂದ ತೊಡೆಯವರೆಗೆ ಪಟ್ಟಿಯ ತುಂಬ ಬೋರ್ಡೋ ದ್ರಾವಣದ ನೀಲಿ ಕಲೆಗಳು. ಅಂಥ ಕಲೆ ಹೊಲಿಗೆಗೆ ಒಳ್ಳೆಯದಲ್ಲ, ತೊಳೆದು ನೆರಳಿನಲ್ಲಿ ಒಣಗಿಸೆಂದು ಅವನಿಗೆ ಹೇಳಿದೆವು. ಹೇಳುವಾಗ ಮಾತ್ರ ನಮ್ಮ ಮುಖದಲ್ಲಿ ನಗು ತಡೆಯಲಾಗಲಿಲ್ಲ.