ಅವ್ವನ ‘ಗ್ಯಾಸ್’

ಎರಡು ವರ್ಷ ನಾವು ಅದನ್ನ ಗ್ಯಾಸ್ ಅಂತಲೇ ಕರೆದೆವು. ಹೋಳಿಗೆ, ತುಪ್ಪ ಉಂಡ ಹಬ್ಬದ ರಾತ್ರಿ ಅವ್ವ ಎದ್ದು ಕೂರುತ್ತಿದ್ದಳು. ಬಲಪಕ್ಕೆಯ ಕೆಳಗೆ ಹಿಂಡಿದಂಥ ನೋವು, ಬೆನ್ನಿಗೂ ಬಲಹೆಗಲಿಗೂ ಹರಿಯುತ್ತಿತ್ತು. ನಾವು ಸೋಡಾ ಕುಡಿಸಿ, ಮೆಡಿಕಲ್ ಶಾಪಿನಿಂದ ತಂದ ಗ್ಯಾಸ್ಟ್ರಿಕ್ ಗುಳಿಗೆ ಕೊಡುತ್ತಿದ್ದೆವು. ಒಂದೆರಡು ತಾಸಿಗೆ ನೋವು ತಾನೇ ಇಳಿಯುತ್ತಿತ್ತು. ಗುಳಿಗೆ ಕೆಲಸ ಮಾಡಿತು ಅಂದುಕೊಂಡು ಮಲಗುತ್ತಿದ್ದೆವು.

ಊರೂರು ತಿರುಗಿ ಮಂದಿಗೆ ಪ್ರಶ್ನೆ ಕೇಳೋದೇ ನಮ್ಮ ಕಸುಬು. ಆದರೆ “ಏನ್ ಉಂಡಾಗ ಬರ್ತದವ್ವ? ಎಲ್ಲಿಗೆ ಹರೀತದ?” ಅಂತ ಅವ್ವನನ್ನ ಮೊದಲು ಕೇಳಿದ್ದು ಆಸ್ಪತ್ರೆಯ ಡಾಕ್ಟರಮ್ಮ. ಸ್ಕ್ಯಾನಿಂಗ್ ಮಾಡಿಸಿದರೆ ಪಿತ್ತಕೋಶದಲ್ಲಿ ಕಲ್ಲು! ಈಸ್ಟ್ರೋಜನ್ ಹಾರ್ಮೋನು, ಬಸಿರು ಇವುಗಳಿಂದಾಗಿ ಗಂಡಸರಿಗಿಂತ ಹೆಂಗಸರಲ್ಲೇ ಈ ಕಲ್ಲು ಹೆಚ್ಚು. ಆಪರೇಷನ್ ಮಾಡಿ ಪಿತ್ತಕೋಶ ತೆಗೆಯಬೇಕು ಅಂದರು. ಅವ್ವ “ಸುಗ್ಗಿ ಮುಗೀಲಿ” ಅಂದಳು. ನಾವು ಕೇಳಲಿಲ್ಲ.

ಹಾಗಂತ ಹೊಟ್ಟೆಯ ಮೇಲ್ಭಾಗದ ನೋವೆಲ್ಲ ಕಲ್ಲಿನದೇ ಅಲ್ಲ. ನಮ್ಮ ಚಿಗವ್ವ ಮೊಣಕಾಲು ನೋವಿಗೆ ದಿನಾ ನೋವಿನ ಗುಳಿಗೆ ನುಂಗಿ ಜಠರದಲ್ಲಿ ಹುಣ್ಣು ಮಾಡಿಕೊಂಡಳು. ಎಚ್. ಪೈಲೋರಿ ಅನ್ನುವ ಬ್ಯಾಕ್ಟೀರಿಯಾದಿಂದಲೂ ಹುಣ್ಣಾಗುತ್ತದೆ. ನೋವಿನ ಜೊತೆ ಚಳಿಜ್ವರ ಬಂದರೆ, ಕಣ್ಣು ಹಳದಿಯಾದರೆ, ಮಲ ಡಾಂಬರಿನಂತೆ ಕಪ್ಪಗಾದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಬೆವರು, ಏದುಸಿರು ಕೂಡಿದರೆ ಹೃದಯಾಘಾತವೂ ಇರಬಹುದು. ಒಂದು ಗಳಿಗೆಯೂ ಕಾಯದೆ 108ಕ್ಕೆ ಫೋನ್ ಮಾಡಿ.

ಆಪರೇಷನ್ ಆದಮೇಲೆ ಮೊದಲ ಯುಗಾದಿ ಬಂತು. ಅವ್ವ ಒಂದು ಹೋಳಿಗೆ ಉಂಡು ನಿದ್ದೆಹೋದಳು. ನಾವೇ ಸರಿರಾತ್ರಿಯವರೆಗೂ ಎದ್ದು ಕೂತಿದ್ದೆವು.