ನಮ್ಮ ಬಾಲಿಕೆಯರ ಸಂಗೀತ ಪತ್ರಿಕೆ

ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕವರ್ಗದವರು ಕೇಳಿಕೊಂಡರು. ಪರೀಕ್ಷೆಯ ಫಲಿತಾಂಶಗಳನ್ನೂ ಕಟ್ಟಡದ ಸಂಗತಿಗಳನ್ನೂ ವಾರ್ಷಿಕ ವರದಿಯೇ ನಿಮಗೆ ತಿಳಿಸುವುದರಿಂದ, ನಾನು ಬೇರೊಂದು ವಿಷಯವನ್ನು ಆರಿಸಿಕೊಂಡಿದ್ದೇನೆ.

ಕಳೆದ ವರುಷ ನಮ್ಮ ಒಂಬತ್ತನೆಯ ತರಗತಿಯ ಬಾಲಿಕೆಯರು ಮಾಧ್ಯಮ ಪರಿಚಯದ ಯೋಜನಾಕಾರ್ಯವಾಗಿ ಒಂದು ಸಂಗೀತ ಪತ್ರಿಕೆಯನ್ನು ರಚಿಸಿದರು. ಅದು ಇಪ್ಪತ್ತು ಪುಟಗಳ ಒಂದೇ ಸಂಚಿಕೆ. ನಿಮ್ಮಲ್ಲಿ ಅನೇಕರು ಅದನ್ನು ವಾರ್ಷಿಕೋತ್ಸವದ ದಿನ ಕೊಂಡುಕೊಂಡಿರಿ. ಕೆಲವರು ಮೆಚ್ಚಿದಿರಿ, ಮತ್ತೆ ಕೆಲವರು, ಮುಂದಿನ ವರುಷ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕುಳಿತುಕೊಳ್ಳತಕ್ಕ ಮಕ್ಕಳು ಹಾಡು ಚಿತ್ರಗಳಲ್ಲಿ ಹೊತ್ತು ಕಳೆಯಬಹುದೇ ಎಂದು ಕೇಳಿದಿರಿ. ಆ ಪ್ರಶ್ನೆಯು ನ್ಯಾಯವಾದದ್ದೇ. ಪತ್ರಿಕೆಯು ಹೇಗೆ ಸಿದ್ಧವಾಯಿತೆಂಬುದನ್ನು ವಿವರಿಸಿದರೆ ಉತ್ತರವು ತಾನಾಗಿ ದೊರೆಯುವುದೆಂದು ನಂಬಿದ್ದೇನೆ.

ಪತ್ರಿಕೆಯ ಕೆಲಸವು ಮಿಷನ್ ಶಾಲೆಯ ಮಕ್ಕಳಿಗೆ ಪರಕೀಯವಾದದ್ದಲ್ಲ. ಕನ್ನಡದ ಮೊದಲನೆಯ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವು 1843ನೆಯ ಇಸವಿ ಜುಲೈ 1ರಂದು ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗರ ಸಂಪಾದಕತ್ವದಲ್ಲಿ ಹೊರಬಂದಿತು. ಅದು ಮೊಳೆಯಚ್ಚಿನದಲ್ಲ, ಕಲ್ಲಚ್ಚಿನದು. ಜಿಡ್ಡಿನ ಮಸಿಯಿಂದ ಬರೆದದ್ದನ್ನು ನಯಮಾಡಿದ ಕಲ್ಲಿನ ಮೇಲೆ ಮೂಡಿಸಿ, ಕಲ್ಲನ್ನು ನೀರಿನಿಂದ ತೋಯಿಸಿ, ಅಚ್ಚಿನ ಮಸಿಯನ್ನು ಉರುಳೆಯಿಂದ ಹಾಯಿಸಿದರೆ, ಬರಹವಿದ್ದ ಕಡೆಯಲ್ಲಿ ಮಾತ್ರ ಅದು ಹತ್ತಿ ಕಾಗದಕ್ಕೆ ಇಳಿಯುವುದು. ಅದರ ಮರುವರುಷವೇ, ಎಂದರೆ 1844ರಲ್ಲಿ, ಲಂಡನ್ನಿನಲ್ಲಿ ನೊವೆಲ್ಲೊ ಎಂಬವರು ‘ಮ್ಯೂಸಿಕಲ್ ಟೈಮ್ಸ್’ ಎಂಬ ಸಂಗೀತ ಪತ್ರಿಕೆಯನ್ನು ಪ್ರಾರಂಭಿಸಿ, ಸಂಚಿಕೆಗೊಂದು ಸಮೂಹಗಾನವನ್ನು ಸ್ವರಲಿಪಿಯಲ್ಲಿ ಅಚ್ಚುಹಾಕಿಸಿದರು. ನಮ್ಮ ದೇಶದಲ್ಲಿ ಮದರಾಸಿನ ‘ಶ್ರುತಿ’ಯು 1983ರಲ್ಲಿ ಹುಟ್ಟಿತು. ಇಂಥ ಪತ್ರಿಕೆಗಳ ಪ್ರತಿಗಳನ್ನೂ ಚಿತ್ರಗಳನ್ನೂ ಬಾಲಿಕೆಯರು ಮೇಜಿನ ಮೇಲೆ ಹರಡಿಕೊಂಡು, ಶೀರ್ಷಿಕೆಯು ಎಲ್ಲಿದೆ, ಮುಖಪುಟದಲ್ಲಿ ಯಾರಿದ್ದಾರೆ, ಯಾರ ಹೆಸರು ದೊಡ್ಡದು, ಯಾರದು ಚಿಕ್ಕದು ಎಂದು ಗುರುತುಮಾಡಿಕೊಂಡರು. ಈ ಕಡೆಯ ಪ್ರಶ್ನೆಯೇ ಮುಂದೆ ಅವರ ಕೆಲಸಕ್ಕೆಲ್ಲ ದಾರಿದೀಪವಾಯಿತು.

ಆಮೇಲೆ ಅವರನ್ನು ಜೆ.ಪಿ. ನಗರದ ಏಳನೆಯ ಹಂತದಲ್ಲಿರುವ ‘ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್’ ಎಂಬ ಸಂಗೀತ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋದೆವು. 2019ರಲ್ಲಿ ಸಾರ್ವಜನಿಕರಿಗೆ ತೆರೆದ ಈ ಸಂಸ್ಥೆಯನ್ನು ನಿಮ್ಮಲ್ಲಿ ಇನ್ನೂ ನೋಡದವರು ಒಮ್ಮೆ ಅವಶ್ಯವಾಗಿ ನೋಡಬೇಕು. ಹೊರಗಿನ ನಾದೋದ್ಯಾನದಲ್ಲಿ ಕಲ್ಲು, ಮರ, ಲೋಹಗಳಿಂದ ಮಾಡಿದ ವಾದ್ಯಗಳನ್ನು ಯಾರು ಬೇಕಾದರೂ ತಟ್ಟಿ ನುಡಿಸಬಹುದು. ಒಳಗೆ ನಮ್ಮ ದೇಶದ ನಾನಾವಿಧ ವಾದ್ಯಗಳನ್ನೂ ಧ್ವನಿಮುದ್ರಣವು ಬೆಳೆದುಬಂದ ಬಗೆಯನ್ನೂ ಕಾಣಬಹುದು. ಬಾಲಿಕೆಯರು ಬೇಕಾದಷ್ಟು ನಕ್ಕು ನುಡಿಸಿದರು. ಅದರೊಡನೆ ಬೇಕಾದಷ್ಟು ಬರೆದುಕೊಂಡೂ ಬಂದರು.

ಧ್ವನಿಮುದ್ರಣದ ಚರಿತ್ರೆಯನ್ನು ಕುರಿತು ಮರುದಿನ ತರಗತಿಯಲ್ಲಿ ಮಾತನಾಡುವಾಗ ಗೌಹರ್ ಜಾನರ ವಿಷಯವು ಬಂದಿತು. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪೆನಿಯವರು ಅವರ ಕಂಠವನ್ನು ಮುದ್ರಿಸಿಕೊಂಡರು. ಸುಮಾರು ಮೂರು ನಿಮಿಷಗಳಲ್ಲಿ ಹಾಡನ್ನು ಮುಗಿಸಿ, ಕೊನೆಯಲ್ಲಿ ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರು. ಮುದ್ರಿಕೆಗಳು ಜರ್ಮನಿಯ ಹಾನೋವರ್ ಪಟ್ಟಣದಲ್ಲಿ ತಯಾರಾಗಬೇಕಾಗಿದ್ದುದರಿಂದ, ಹಾಡಿದವರು ಯಾರೆಂಬುದು ಅಲ್ಲಿಯ ಕೆಲಸಗಾರರಿಗೆ ತಿಳಿಯಲೆಂದು ಹೀಗೆ ಮಾಡುತ್ತಿದ್ದರಂತೆ. ಅವರು ತಮ್ಮ ಕೊನೆಯ ದಿನಗಳನ್ನು ನಮ್ಮ ಮೈಸೂರಿನಲ್ಲಿ ಅರಮನೆಯ ಆಶ್ರಯದಲ್ಲಿ ಕಳೆದು, 1930ರ ಜನವರಿಯಲ್ಲಿ ತೀರಿಕೊಂಡರು. ಇದನ್ನು ಕೇಳಿದ ಒಬ್ಬ ಬಾಲಿಕೆಯು ಎದ್ದು, “ಮಿಸ್, ಹಾಗಾದರೆ ನಮ್ಮ ಪತ್ರಿಕೆಯಲ್ಲಿಯೂ ಹಾಡಿದವರ ಹೆಸರಿಲ್ಲದೆ ಯಾವ ಹಾಡೂ ಇರಬಾರದು” ಎಂದಳು. ತರಗತಿಯು ಅದನ್ನು ನಿಯಮವಾಗಿ ಸ್ವೀಕರಿಸಿತು. ಕರಿಹಲಗೆಯ ಮೂಲೆಯಲ್ಲಿ ಆ ನಿಯಮವನ್ನು ಬರೆದಿಟ್ಟು, ಕೆಲಸವು ಮುಗಿಯುವ ವರೆಗೂ ಅಳಿಸದೆ ಉಳಿಸಿಕೊಂಡರು.

ನಿಯಮವನ್ನು ಮಾಡುವುದು ಸುಲಭ, ನಡೆಸುವುದು ಕಷ್ಟ. ಇಬ್ಬರು ಬಾಲಿಕೆಯರು ತಾಯಂದಿರೊಡನೆ ಮೆಟ್ರೋದಲ್ಲಿ ಹೋಗಿ, ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ನಡೆದ ರಾಮನವಮಿಯ ಕಚೇರಿಯೊಂದನ್ನು ಕೇಳಿಬಂದು ವಿಮರ್ಶೆಯನ್ನು ಬರೆದರು. ಶ್ರೀರಾಮಸೇವಾ ಮಂಡಳಿಯವರು 1939ರಿಂದ ನಡೆಸಿಕೊಂಡು ಬಂದಿರುವ ಸಂಗೀತೋತ್ಸವವದು. ಹಾಡಿದವರ, ಪಿಟೀಲಿನವರ, ಮೃದಂಗದವರ ಹೆಸರುಗಳೆಲ್ಲ ಲೇಖನದಲ್ಲಿದ್ದವು. “ತಂಬೂರಿಯನ್ನು ಮೀಟಿದವರು ಯಾರು?” ಎಂದು ಸಂಪಾದಕಿಯಾದ ಹುಡುಗಿ ಕೇಳಿದಳು. ಎರಡೂವರೆ ಗಂಟೆ ಶ್ರುತಿ ಹಿಡಿದು ಕುಳಿತವರ ಹೆಸರನ್ನು ಅವರಿಬ್ಬರೂ ಅರಿಯರು. ಕಚೇರಿಯ ಆಹ್ವಾನಪತ್ರಿಕೆಗಳಲ್ಲಿ ತಂಬೂರಿಯವರ ಹೆಸರು ಬಹುಮಟ್ಟಿಗೆ ಇರುವುದೇ ಇಲ್ಲವಷ್ಟೆ. ಎರಡು ದಿನ ವಿಚಾರಿಸಿ ಕೊನೆಗೆ ಆ ಹೆಸರನ್ನು ಪಡೆದು, ಉಳಿದವರ ಹೆಸರುಗಳ ಅಳತೆಯಲ್ಲಿಯೇ ಸೇರಿಸಿದರು.

ಸ್ವರಲಿಪಿಯ ಪುಟದಲ್ಲಿಯೂ ಇಂಥದೇ ಒಂದು ಸಂಗತಿಯು ಹೊರಬಿದ್ದಿತು. ಒಂದು ಕಡೆ ಮಾಯಾಮಾಳವಗೌಳದ ಸರಳೆವರಸೆಯನ್ನೂ, ಎದುರಿಗೆ ಟಾನಿಕ್ ಸೊಲ್ಫಾ ಕ್ರಮದ ಒಂದು ಪಾಠವನ್ನೂ ಹಾಕಬೇಕೆಂದು ನಿಶ್ಚಯಿಸಿದ್ದರು. ಗಾಯಕವೃಂದದಲ್ಲಿ ಈ ಕ್ರಮದಿಂದ ಹಾಡಲು ಕಲಿತ ಹಿರಿಯರು ಅದನ್ನು ಜಾನ್ ಕರ್ವೆನ್ನರ ಹೆಸರಿನೊಡನೆಯೇ ನೆನೆಯುವರು. ಆದರೆ ಅದರ ಮೂಲವನ್ನು ಕಂಡುಹಿಡಿದವರು ಇಂಗ್ಲೆಂಡಿನ ನಾರ್ವಿಚ್ ಪಟ್ಟಣದಲ್ಲಿ ಮಕ್ಕಳಿಗೆ ಹಾಡು ಕಲಿಸುತ್ತಿದ್ದ ಸಾರಾ ಗ್ಲೋವರ್ ಎಂಬ ಸ್ತ್ರೀ. 1835ರಲ್ಲಿಯೇ ಅವರು ಇದನ್ನು ಕುರಿತು ಪುಸ್ತಕವನ್ನು ಪ್ರಕಟಿಸಿದ್ದರು. ಕರ್ವೆನ್ನರು ಅದನ್ನು ಪರಿಷ್ಕರಿಸಿ ಲೋಕಕ್ಕೆ ಹರಡಿದರು. ನಮ್ಮ ಬಾಲಿಕೆಯರು ಇಬ್ಬರ ಹೆಸರನ್ನೂ ಹಾಕಿದರು.

ಇನ್ನು ಪುಟಗಳ ರಚನೆಯ ಮಾತು. ಮಧ್ಯದಲ್ಲಿ ಪಿನ್ನು ಹೊಡೆಯತಕ್ಕ ಪತ್ರಿಕೆಯ ಪುಟಗಳು ನಾಲ್ಕರಿಂದ ಭಾಗವಾಗಬೇಕು. ಏಕೆಂದರೆ ಮಡಿಸಿದ ಒಂದೊಂದು ಹಾಳೆಯೂ ನಾಲ್ಕು ಪುಟಗಳಾಗುವುದು. ಅವರ ಬರಹವು ಇಪ್ಪತ್ತೆರಡು ಪುಟಗಳಷ್ಟಿದ್ದಿತು. ಇಪ್ಪತ್ತನಾಲ್ಕಕ್ಕೆ ಹಣವಿರಲಿಲ್ಲವಾದ್ದರಿಂದ ಎರಡು ಪುಟಗಳನ್ನು ಬಿಡಬೇಕಾಯಿತು. ತಾವು ಬರೆದುದನ್ನು ತಾವೇ ತೆಗೆದುಹಾಕುವ ದುಃಖವೂ ಅದರಿಂದ ಬರುವ ವಿವೇಕವೂ ಯಾವ ವ್ಯಾಕರಣ ಪಾಠದಿಂದಲೂ ಬಾರದು. ಅಕ್ಷರಜೋಡಣೆಯಲ್ಲಿ ಬೇರೆ ಕಷ್ಟಗಳಿದ್ದವು. ಗಣಕಯಂತ್ರದಲ್ಲಿ ಸಿದ್ಧವಾಗಿ ದೊರೆಯುವ ಮಾದರಿಗಳು ಇಂಗ್ಲಿಷಿಗೆಂದು ಮಾಡಿದವು. ಕನ್ನಡದ ಅಕ್ಷರಕ್ಕೆ ಮೇಲೆ ಗುಡಿಸೂ ಕೆಳಗೆ ಒತ್ತಕ್ಷರವೂ ಇರುವುದರಿಂದ, ಆ ಮಾದರಿಯ ಸಾಲುಗಳಲ್ಲಿ ಮೇಲಿನ ಸಾಲಿನ ‘ಸ್ವಾತಂತ್ರ್ಯ’ವು ಕೆಳಗಿನ ಸಾಲಿನ ನೆತ್ತಿಯನ್ನು ಮುಟ್ಟಿತು. ಸಾಲುಗಳ ನಡುವೆ ಹೆಚ್ಚು ಎಡೆಯನ್ನು ಬಿಡಬೇಕಾಯಿತು. ನಮ್ಮ ಪದಗಳು ವಿಭಕ್ತಿ ಪ್ರತ್ಯಯಗಳು ಸೇರಿ ಉದ್ದವಾಗುವುದರಿಂದ ಪುಟಕ್ಕೆ ಮೂರು ಅಂಕಣಗಳು ಹೊಂದದೆ ಎರಡಕ್ಕೆ ಇಳಿಸಿದರು. ಒಬ್ಬಳು ಮನೆಯಲ್ಲಿ ಹಳೆಯ ನುಡಿ ಅಕ್ಷರದಲ್ಲಿ ಬೆರಳಚ್ಚು ಮಾಡಿ ತಂದ ಲೇಖನವು ಶಾಲೆಯ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಂಡಿತು. ಅಂದಿನಿಂದ ಎಲ್ಲವನ್ನೂ ಯೂನಿಕೋಡಿನಲ್ಲಿಯೇ ಬರೆದರು. ಸ್ವರಗಳ ಮೇಲೆಯೂ ಕೆಳಗೂ ಬರತಕ್ಕ ಸ್ಥಾಯಿಯ ಚುಕ್ಕೆಗಳು ಯಂತ್ರದಲ್ಲಿ ಸರಿಯಾಗಿ ಕೂಡದಿರಲು, ಅವನ್ನು ಕೈಯಿಂದಲೇ ಇಟ್ಟರು.

ಪ್ರಿಯವಾದ ಚಲನಚಿತ್ರಗೀತೆಗಳ ಸಾಹಿತ್ಯವನ್ನು ಅಚ್ಚುಹಾಕಬೇಕೆಂದು ಅನೇಕರಿಗೆ ಆಸೆಯಿದ್ದಿತು. ಆದರೆ 1957ರ ಹಕ್ಕುಸ್ವಾಮ್ಯದ ಕಾಯಿದೆಯಂತೆ ಕವಿಯು ತೀರಿಕೊಂಡ ಮೇಲೆಯೂ 60 ವರುಷಗಳ ವರೆಗೆ ಕೃತಿಯ ಹಕ್ಕು ಅವನ ಕಡೆಯವರದು. ಕೇಳದೆ ತೆಗೆದುಕೊಳ್ಳುವುದು, ಕೈಗೆ ಸುಲಭವಾಗಿ ಸಿಕ್ಕಿದರೂ, ಕೇಳದೆ ತೆಗೆದುಕೊಳ್ಳುವುದೇ ಸರಿ. ಆದಕಾರಣ ಗೀತೆಗಳನ್ನು ಕುರಿತು ಬರೆದರೇ ಹೊರತು ಗೀತೆಗಳನ್ನು ಎತ್ತಿಕೊಳ್ಳಲಿಲ್ಲ. ಪರರ ಭಾವಚಿತ್ರಗಳಿಗೆ ಬದಲಾಗಿ ತಾವೇ ಚಿತ್ರ ಬರೆದರು.

ಮುಖಪುಟದ ವಿಷಯದಲ್ಲಿ ದೊಡ್ಡ ವಾದವೇ ನಡೆಯಿತು. ಚಲನಚಿತ್ರದ ಹಿನ್ನೆಲೆ ಗಾಯಕಿಯೊಬ್ಬರನ್ನು ಹಾಕಿದರೆ ಪ್ರತಿಗಳು ಬೇಗ ಮಾರಾಟವಾಗುವುವೆಂದು ಒಂದು ಪಕ್ಷ. ಬೆಂಗಳೂರು ನಾಗರತ್ನಮ್ಮನವರನ್ನು ಹಾಕಬೇಕೆಂದು ಇನ್ನೊಂದು ಪಕ್ಷ. ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿ ನಮ್ಮ ಊರಿನ ಹೆಸರನ್ನೇ ಹೊತ್ತ ಆ ವಿದುಷಿಯು, ತಮ್ಮ ಸಂಪಾದನೆಯನ್ನು ವೆಚ್ಚಮಾಡಿ ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿಯನ್ನು ಕಟ್ಟಿಸಿದರು. ಅಲ್ಲಿಯ ಆರಾಧನೆಯಲ್ಲಿ ಸ್ತ್ರೀಯರಿಗೆ ಹಾಡಲು ಎಡೆಯಿಲ್ಲದಿದ್ದ ಕಾಲದಲ್ಲಿ ಸ್ತ್ರೀಯರದೇ ಒಂದು ಗುಂಪನ್ನು ಕಟ್ಟಿ ಹಾಡಿಸಿದರು. 1952ರಲ್ಲಿ ತೀರಿಕೊಂಡ ಅವರ ಪ್ರತಿಮೆಯು ಈಗ ಆ ಸಮಾಧಿಗೆ ಎದುರಾಗಿ ಇದೆ. ಎರಡೂ ಪಕ್ಷದವರು ಬರೆದು ತಂದ ವಾದಗಳನ್ನು ಓದಿಸಿ ಮತ ತೆಗೆದುಕೊಂಡೆವು. ನಾಗರತ್ನಮ್ಮನವರು ನಾಲ್ಕು ಮತಗಳಿಂದ ಗೆದ್ದರು. ಸೋತ ಪಕ್ಷದವಳೇ ಆ ಚಿತ್ರವನ್ನು ಮಸಿಯಲ್ಲಿ ಬರೆದುಕೊಟ್ಟಳೆಂಬುದು ನನಗೆ ಬಹಳ ಸಂತೋಷವನ್ನುಂಟುಮಾಡಿತು.

ಇನ್ನು ಕಡೆಯ ಸಂಗತಿ. ಜನಪದ ಗೀತೆಗಳ ಪುಟಕ್ಕೆಂದು ಒಬ್ಬ ಬಾಲಿಕೆಯು ರಾಗಿ ಬೀಸುವ ಪದವೊಂದನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡು ತಂದಳು. ಅಂಥ ಸ್ವಚ್ಛವಾದ ಕಂಠವನ್ನು ನಾವು ಅಪರೂಪವಾಗಿ ಕೇಳಿದ್ದೆವು. ಕೆಳಗೆ ‘ಜನಪದ’ ಎಂದು ಮಾತ್ರ ಬರೆದಿದ್ದಳು. ಹಾಡಿದವರು ಯಾರೆಂದು ಗೆಳತಿಯರು ಕೇಳಿದಾಗ, “ಯಾರೋ ಊರ ಕಡೆಯವರು” ಎಂದು ಸುಮ್ಮನಾದಳು. ಸಂಜೆ ನನ್ನ ಕೊಠಡಿಗೆ ಬಂದು, ಹಾಡಿದವರು ತನ್ನ ತಾಯಿಯೆಂದು ಹೇಳಿ ಅತ್ತಳು. ಆ ತಾಯಿಯು ಕನಕಪುರದ ಕಡೆಯವರು. ಇಲ್ಲಿಯ ಅಪಾರ್ಟ್‌ಮೆಂಟುಗಳಲ್ಲಿ ಮನೆಗೆಲಸ ಮಾಡುವವರು. ಆ ಮನೆಗಳಲ್ಲಿ ಒಂದು ಅದೇ ತರಗತಿಯ ಮತ್ತೊಬ್ಬಳದು. “ಹೆಸರು ಹಾಕಿದರೆ ಎಲ್ಲರಿಗೂ ತಿಳಿದುಹೋಗುತ್ತದೆ, ಮಿಸ್” ಎಂದಳು.

ಆ ಮಗುವನ್ನು ಗದರಿಸುವುದಕ್ಕೂ, ನಾಚಿಕೆಪಡಬೇಡವೆಂದು ಉಪದೇಶಿಸುವುದಕ್ಕೂ ನನಗೆ ಮನಸ್ಸಾಗಲಿಲ್ಲ. ನಾಚಿಕೆಯು ಉಪದೇಶದಿಂದ ಹೋಗುವಂಥದಲ್ಲ. “ಹೆಸರು ನಿನ್ನದೂ ಅಲ್ಲ, ನನ್ನದೂ ಅಲ್ಲ. ಅಮ್ಮನನ್ನು ಕೇಳೋಣ, ಅವರು ಹೇಳಿದಂತೆ ಮಾಡೋಣ” ಎಂದಷ್ಟೇ ಹೇಳಿದೆನು. ಶನಿವಾರ ಕೆಲಸವನ್ನು ಮುಗಿಸಿಕೊಂಡು ತಾಯಿಯು ಬಂದರು. ವಿಷಯವನ್ನು ತಿಳಿಸಿದಾಗ ಅವರು ಮಗಳ ಕಡೆ ನೋಡಿ, ಸ್ವಲ್ಪ ಹೊತ್ತು ಯೋಚಿಸಿ, “ಹೆಸ್ರು ಹಾಕ್ಕೊಳ್ಳಿ ಮೇಡಂ, ಫೋಟೋ ಮಾತ್ರ ಬ್ಯಾಡ. ಆದ್ರೆ ಈ ಪದ ನಂದಲ್ಲ, ನಮ್ಮತ್ತೇದು. ಅವ್ರೇ ಕಲಿಸಿದ್ದು. ಅವ್ರ ಹೆಸ್ರು ಮೊದ್ಲು ಬರ್ಲಿ” ಎಂದರು.

ಕರಿಹಲಗೆಯ ನಿಯಮವನ್ನು ಆ ತಾಯಿಯು ಕಂಡವರಲ್ಲ. ಆದರೂ ಅದರ ಅರ್ಥವನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಬಲ್ಲವರಾಗಿದ್ದರು. ಹದಿನಾಲ್ಕನೆಯ ಪುಟದಲ್ಲಿ ಅತ್ತೆಯ ಹೆಸರೂ ಸೊಸೆಯ ಹೆಸರೂ ಮುಖಪುಟದ ವಿದುಷಿಯ ಹೆಸರಿಗೆ ಸಮನಾದ ಅಕ್ಷರಗಳಲ್ಲಿ ಅಚ್ಚಾದವು. ವಾರ್ಷಿಕೋತ್ಸವದ ದಿನ ಅವರು ಒಂದು ಪ್ರತಿಯನ್ನು ಕೈಗೆ ತೆಗೆದುಕೊಂಡು, ಅತ್ತೆಯ ಹೆಸರು ಎಲ್ಲಿದೆಯೆಂದು ಮಗಳಿಂದ ತೋರಿಸಿಕೊಂಡು, ಮೂರು ಪ್ರತಿಗಳನ್ನು ಊರಿಗೆ ಕಳುಹಿಸಲೆಂದು ಹಣ ಕೊಟ್ಟೇ ಕೊಂಡರು. ಬಾಲಿಕೆಯ ನಾಚಿಕೆಯು ಒಂದೇ ದಿನದಲ್ಲಿ ಹೋಯಿತೆಂದು ನಾನು ಹೇಳಲಾರೆನು. ಆದರೆ ಪುಟವನ್ನು ತೋರಿಸುವಾಗ ಅವಳು ಸುತ್ತಮುತ್ತ ನೋಡಲಿಲ್ಲ. ಈ ಸಂಗತಿಯನ್ನು ಇಲ್ಲಿ ಬರೆಯುವ ಮೊದಲು ತಾಯಿ ಮಗಳಿಬ್ಬರ ಅಪ್ಪಣೆಯನ್ನೂ ಪಡೆದಿದ್ದೇನೆ. ಹೆಸರುಗಳನ್ನು ಮಾತ್ರ ನೀವು ಆ ಪತ್ರಿಕೆಯಲ್ಲಿಯೇ ಓದಿಕೊಳ್ಳಬೇಕು. ಅವು ಪದದೊಡನೆ ಇರುವುದೇ ಅಂದ.

ತಾಯಿತಂದೆಗಳೇ, ಹೊತ್ತು ಕಳೆದದ್ದೇಕೆಂದು ಕೇಳಿದಿರಷ್ಟೆ. ನಿಮ್ಮ ಮಕ್ಕಳು ಈ ನಾಲ್ಕು ತಿಂಗಳುಗಳಲ್ಲಿ ಲೆಕ್ಕವನ್ನೂ ವ್ಯಾಕರಣವನ್ನೂ ಚರಿತ್ರೆಯನ್ನೂ ಕಾಯಿದೆಯನ್ನೂ ಕೆಲಸದ ಮೂಲಕ ಕಲಿತರು. ಅದಕ್ಕಿಂತ ಹೆಚ್ಚಾಗಿ, ಪ್ರತಿಯೊಂದು ಹಾಡಿನ ಹಿಂದೆ ಒಬ್ಬರಿದ್ದಾರೆ, ಅವರ ಹಿಂದೆ ಕಲಿಸಿದವರು ಒಬ್ಬರಿದ್ದಾರೆ ಎಂಬುದನ್ನು ಕಲಿತರು. ನಾಳೆ ಇವರಲ್ಲಿ ಕೆಲವರು ಪತ್ರಿಕೆಗಳಲ್ಲಿಯೂ ಆಫೀಸುಗಳಲ್ಲಿಯೂ ದೊಡ್ಡ ಹುದ್ದೆಗಳನ್ನು ವಹಿಸಬಹುದು. ಯಾರ ಹೆಸರನ್ನು ಎಷ್ಟು ದೊಡ್ಡದಾಗಿ ಬರೆಯಬೇಕೆಂಬುದು ಆಗ ಅವರ ಕೈಯಲ್ಲಿರುವುದು.

ಹಳೆಯ ವಿದ್ಯಾರ್ಥಿನಿಯರಾದ ನಿಮ್ಮಲ್ಲಿ ಒಂದು ಬೇಡಿಕೆ. ಬರುವ ವರುಷ ಎರಡನೆಯ ಸಂಚಿಕೆಯನ್ನು ತರಬೇಕೆಂದು ಹೊಸ ತರಗತಿಯವರು ಉತ್ಸಾಹದಿಂದಿದ್ದಾರೆ. ನಿಮ್ಮ ಮನೆಗಳಲ್ಲಿ ಹಿರಿಯರು ಹಾಡುವ ಜೋಗುಳವೋ ಸೋಬಾನೆಯೋ ಭಜನೆಯೋ ಇದ್ದರೆ, ಅವರನ್ನು ಕೇಳಿ ಬರೆದುಕೊಂಡು ಶಾಲೆಗೆ ಕಳುಹಿಸಿಕೊಡಿರಿ. ಹಾಡಿದವರ ಹೆಸರನ್ನೂ, ಅವರಿಗೆ ಕಲಿಸಿದವರ ಹೆಸರನ್ನೂ, ಅವರು ಒಪ್ಪಿದರೆ, ಮರೆಯದೆ ಸೇರಿಸಿರಿ.